ಇವತ್ತಿನ ತಾರೀಖು, ಹೋದ ವರ್ಷದ ಸುದ್ದಿ

ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಗೆ ಬಂದ ಹುಡುಗಿ ಮೊದಲ ವಾರವೇ ಫೋನ್ ಮಾಡಿದಳು. "ಶಾಂತಕ್ಕಾ, ಇದು ಎಂಥಾ ಕೆಲಸರಿ? ದಿನಾ ಕುಂತು ದವಾಖಾನಿ ವೆಬ್‌ಸೈಟ್ ನೋಡೋದೇನು?" ನೋಡುವುದಲ್ಲ ತಾಯಿ, ಅನುಮಾನ ಪಡುವುದು ಎಂದೆ. ಅನುಮಾನ ಪಟ್ಟಿದ್ದಕ್ಕೆ ಸಂಬಳ ಸಿಗುವುದು ಪೊಲೀಸರಿಗೆ ಬಿಟ್ಟರೆ ನಮಗೇ. ಅತ್ತೆಯಂದಿರು ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಾರೆ. ಅವಳು ನಕ್ಕು ಫೋನ್ ಇಟ್ಟಳು. ನಗುವಷ್ಟು ಹಗುರದ ಕೆಲಸವಲ್ಲ ಇದು ಎಂದು ಅವಳಿಗೆ ತಿಳಿಯಲಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಆಸ್ಪತ್ರೆಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ ತೋರಿಸುವ ವೆಬ್‌ಸೈಟು. ಯಾವ ಡಾಕ್ಟರು ಯಾವ ವಾರ ಇರುತ್ತಾರೆ, ಎಕ್ಸ್‌ರೇ ಇದೆಯೇ, ಹೆರಿಗೆ ಮಾಡಿಸುತ್ತಾರೆಯೇ, ಖರ್ಚು ಸುಮಾರು ಎಷ್ಟು, ಎಲ್ಲ ಅದರಲ್ಲಿ ಸಿಗುತ್ತದೆ. ತೆಲಂಗಾಣದ ಗಡಿಯ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಈ ಮೂರು ಊರುಗಳ ಪುಟಗಳು ನಮ್ಮ ಜಹೀರಾಬಾದ್ ಆಫೀಸಿನ ಪಾಲಿಗೆ ಬಂದಿದ್ದವು. ಬರೆದದ್ದು ಸರಿಯೋ ತಪ್ಪೋ ನೋಡುವವರು ಬೇರೆ ಇದ್ದರು. ಬರೆದದ್ದು ಇವತ್ತಿಗೂ ಸರಿಯೋ ಎಂದು ನೋಡುವವಳು ನಾನು. ಹೋದ ವರ್ಷ ನಿಜವಾಗಿದ್ದ ಮಾತು ಈ ವರ್ಷ ಸುಳ್ಳಾಗಿರುತ್ತದೆ. ಯಾರೂ ಸುಳ್ಳು ಹೇಳಿರುವುದಿಲ್ಲ, ಡಾಕ್ಟರು ಊರು ಬಿಟ್ಟು ಹೋಗಿರುತ್ತಾರೆ, ಅಷ್ಟೆ.

ಈ ಕೆಲಸಕ್ಕೆ ಬರುವ ಮುಂಚೆ ನಾನು ಜಹೀರಾಬಾದಿನಲ್ಲೇ ಒಂದು ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಕೂತಿದ್ದವಳು. ಅಲ್ಲಿ ಕಲಿತ ಒಂದೇ ವಿದ್ಯೆ ನನ್ನನ್ನು ಇಲ್ಲಿ ಬದುಕಿಸಿತು. ನಮ್ಮ ಕಡೆ ಕೌಂಟರಿನಲ್ಲಿ ಕೂತವರು "ಇಲ್ಲ" ಎನ್ನುವುದಿಲ್ಲ. ಕಷ್ಟ ಹೊತ್ತು ಬಂದವರಿಗೆ ಬಾಯಿಬಿಟ್ಟು ಇಲ್ಲ ಎನ್ನುವುದು ಒರಟುತನ, ಅಪಶಕುನ ಕೂಡ. ಕಿವಿಯ ಡಾಕ್ಟರು ಅದಾರೇನ್ರಿ ಎಂದರೆ "ಬರ್ರಿ, ನೋಡೋಣು" ಎನ್ನುತ್ತೇವೆ. ಆ ಡಾಕ್ಟರು ಬೀದರಿಗೆ ಹೋಗಿ ನೆಲೆಸಿ ಮಗಳ ಮದುವೆ ಮಾಡಿ ಮುಗಿಸಿರಬಹುದು, ಆದರೂ "ಬರ್ರಿ". ನಾನೂ ಎಷ್ಟೋ ಜನಕ್ಕೆ ಬರ್ರಿ ಎಂದವಳೇ, ಬಂದವರಿಗೆ ನೀರು ಕೊಟ್ಟು ಕೂರಿಸಿ ಬೇರೆ ದಾರಿ ಹೇಳಿ ಕಳಿಸಿದವಳೇ. ವೆಬ್‌ಸೈಟಿನವರಿಗೆ ಮಾತ್ರ ಈ ಮರ್ಯಾದೆ ಗೊತ್ತಿರಲಿಲ್ಲ. ಅವರು ಫೋನಿನಲ್ಲಿ ಕೇಳುತ್ತಿದ್ದರು, ಅಲ್ಲಿಂದ ಬರ್ರಿ ಅನ್ನುತ್ತಿದ್ದರು, ಇವರು "ಇದೆ" ಎಂದು ಬರೆದುಕೊಳ್ಳುತ್ತಿದ್ದರು.

ನನ್ನ ಜೊತೆ ಊರೂರು ತಿರುಗಿ ನೋಡಿ ಬರುತ್ತಿದ್ದವರು ಗೌತಮ. ನಾರಾಯಣಖೇಡದ ಹತ್ತಿರದ ಸಿರ್ಗಾಪುರದವರು, ದೊಡ್ಡ ಮೀಸೆ, ಹಳೇ ಗಾಡಿ, ಎಲ್ಲರನ್ನೂ ನಂಬುವ ಒಳ್ಳೆಯ ಮನಸ್ಸು. ಈ ಕೆಲಸಕ್ಕೆ ಒಳ್ಳೆಯ ಮನಸ್ಸಿನಷ್ಟು ಅಪಾಯ ಮತ್ತೊಂದಿಲ್ಲ. ತಾಂಡೂರಿನಲ್ಲಿ ಕಲ್ಲಿಗೆ ಬರವಿಲ್ಲವಲ್ಲ, ಅಲ್ಲಿಯ ಎಷ್ಟೋ ಆಸ್ಪತ್ರೆಗಳು ಬೋರ್ಡು ಬರೆಸುವುದಿಲ್ಲ. ನೆಲಕ್ಕೆ ಹಾಸುವ ಫರಸಿ ಕಲ್ಲಿನಲ್ಲೇ ಡಾಕ್ಟರ ಹೆಸರು, ವೇಳೆ, ಸೌಲಭ್ಯ ಎಲ್ಲ ಕೊರೆಸಿ ಬಾಗಿಲ ಪಕ್ಕ ನಿಲ್ಲಿಸುತ್ತಾರೆ. ಗೌತಮ ಒಂದು ಕಡೆ ಅಂಥ ಕಲ್ಲು ನೋಡಿದರು. ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು, ಮೇಲೆ ತಾಜಾ ಹೂವಿನ ಹಾರ. ಹೊಸ ಆಸ್ಪತ್ರೆ ಇವತ್ತೇ ಶುರುವಾಗಿದೆ ಎಂದುಕೊಂಡು ಫೋಟೋ ಹೊಡೆದು ಕಳಿಸಿದರು. ಕಲ್ಲಿನಲ್ಲಿದ್ದ ಮೊದಲ ಹೆಸರನ್ನೇ ನಾವು ಪುಟದ ತುದಿಗೆ ಏರಿಸಿದೆವು.

ಮರುದಿನ ಆ ಡಾಕ್ಟರ ಮಗನ ಫೋನು ಬಂತು. ಆತನೂ ಡಾಕ್ಟರು. "ಅಕ್ಕಾರ, ನಮ್ಮಪ್ಪನ ಅಪಾಯಿಂಟ್‌ಮೆಂಟ್ ಬೇಕಂತ ಮುಂಜಾನಿಂದ ಫೋನ್ ಬರಾಕತ್ಯಾವ. ಅವರು ತೀರಿಕೊಂಡು ಭಾಳ ದಿನ ಆತ್ರಿ. ನಿನ್ನಿ ಅವರ ಪುಣ್ಯತಿಥಿ ಇತ್ತು, ಅದಕ್ಕ ಹಾರ ಹಾಕಿದ್ವಿ."

ನಾನು ಕ್ಷಮೆ ಕೇಳಿದೆ. ಆತ ಸಿಟ್ಟಾಗಲಿಲ್ಲ. "ಇರ್ಲಿ ಬಿಡ್ರಿ. ಕಲ್ಲಿನ್ಯಾಗ ನಮ್ಮಪ್ಪ ಹಂಗೇ ಇರ್ಲಿ. ನಿಮ್ಮ ಸೈಟಿನ್ಯಾಗ ಮಾತ್ರ ಬ್ಯಾಡ್ರಿ," ಎಂದ. ಆಫೀಸಿನಲ್ಲಿ ಗೌತಮ ಒಂದು ವಾರ ತಲೆ ಎತ್ತಲಿಲ್ಲ, ನಾವೂ ಎತ್ತಲು ಬಿಡಲಿಲ್ಲ. ಯಾರಾದರೂ ಹೂವು ಮುಡಿದು ಬಂದರೆ ಸಾಕು, "ಗೌತಮ, ನೋಡ್ರಿ, ಹೊಸಾ ದವಾಖಾನಿ ಬಂತು" ಎನ್ನುತ್ತಿದ್ದೆವು.

ನಾರಾಯಣಖೇಡದ ಪಾಠ ಬೇರೆ. ಅಲ್ಲಿಗೆ ವಾರಕ್ಕೊಮ್ಮೆ ಎಲುಬಿನ ಡಾಕ್ಟರು ಹೊರಗಿನಿಂದ ಬರುತ್ತಿದ್ದರು. ಹಳ್ಳಿಯವರೆಲ್ಲ ಸಂತೆಗೆ ಬರುವ ದಿನವೇ ಅವರೂ ಬರುತ್ತಿದ್ದರು. ನಮ್ಮ ಪುಟದಲ್ಲಿ "ಸೋಮವಾರ" ಎಂದಿತ್ತು. ಸಂತೆ ಮೈದಾನದಲ್ಲಿ ಚರಂಡಿಗೆ ಅಗೆತ ಶುರುವಾಗಿ ಸಂತೆಯ ದಿನ, ಜಾಗ ಎರಡೂ ಬದಲಾದವು, ಡಾಕ್ಟರೂ ಸಂತೆಯ ಹಿಂದೆಯೇ ಹೋದರು. ಯಾರಿಗೂ ತಿಳಿಸುವ ಗರಜು ಅವರಿಗೆ ಬೀಳಲಿಲ್ಲ. ಸಂತೆಗೆ ಬರುವವರಿಗೆಲ್ಲ ಅದು ತಾನಾಗಿಯೇ ಗೊತ್ತಾಗುತ್ತದೆ. ಗೊತ್ತಾಗದೆ ಹೋದವರು ನಾವು, ಮತ್ತು ಮಗನ ಮೊಬೈಲು ನಂಬಿ ಮೊಳಕಾಲು ತೋರಿಸಲು ಸೋಮವಾರ ಹೋದ ಗೌತಮರ ತಾಯಿ. ಆಕೆ ಮಗನಿಗೆ ಫೋನಿನಲ್ಲೇ ಮಂಗಳಾರತಿ ಎತ್ತಿದ್ದು ನನ್ನ ಮೇಜಿನವರೆಗೂ ಕೇಳಿಸಿತು. "ಸಂತಿ ಯಾವಾಗ ಅಂತ ಕೇಳಿದ್ರ ಮುಗೀತಿತ್ತು. ನಿನ್ನ ಮೊಬೈಲ್ ನೋಡಿ ಬಂದೀನಿ ನೋಡು, ನನಗ ಬುದ್ಧಿ ಇಲ್ಲ!" ಅಂದಿನಿಂದ ಆ ಪುಟದಲ್ಲಿ ವಾರದ ಹೆಸರು ತೆಗೆದು "ಸಂತೆಯ ದಿನ" ಎಂದೇ ಬರೆದೆವು.

ಇಂಥವುಗಳಿಂದ ನನಗೊಂದು ಪದ್ಧತಿ ಕೂಡಿಬಂತು. "ಇದೆಯೇ" ಎಂದು ಕೇಳಬಾರದು, "ಹಿಂದಿನ ಸಲ ಯಾರಿಗೆ ಮಾಡಿದಿರಿ, ಯಾವಾಗ" ಎಂದು ಕೇಳಬೇಕು. ಎಕ್ಸ್‌ರೇ ಇದೆಯೇ ಎಂದರೆ ಬರ್ರಿ ಎನ್ನುತ್ತಾರೆ. ಹಿಂದಿನ ಸಲ ಎಕ್ಸ್‌ರೇ ತೆಗೆದದ್ದು ಯಾರದು ಎಂದರೆ, ಯಂತ್ರ ನಡೆಯುತ್ತಿದ್ದರೆ ಉತ್ತರ ತಕ್ಷಣ ಬರುತ್ತದೆ: ಈಗಷ್ಟೇ ಒಬ್ಬ ಗಾಡಿಯಿಂದ ಬಿದ್ದವನದು ತೆಗೆದೆವು, ಅಗೋ ಹೊರಗೆ ಕೂತಿದ್ದಾನೆ. ಯಂತ್ರ ಕೆಟ್ಟಿದ್ದರೆ ಕೌಂಟರಿನವರು ಮುಖ ಮುಖ ನೋಡುತ್ತಾರೆ. ಹೀಗೆ ಕೇಳಿ ತಿಳಿದ ದಿನಕ್ಕೆ ನಾನು "ಕಂಡ ದಿನ" ಎಂದು ಹೆಸರಿಟ್ಟೆ. ಒಂದೊಂದು ಸಂಗತಿಯ ಮುಂದೆ ಅದರದರ ಕಂಡ ದಿನ ಇರಬೇಕು ಎಂಬುದು ನನ್ನ ಹಟ.

ಈ ಹಟಕ್ಕೆ ಅಡ್ಡ ನಿಂತವರು ನಮ್ಮ ಮೇಲಧಿಕಾರಿ ಮಹಾದೇವ ಸಾಹೇಬರು. ಬೀದರ್ ಕಡೆಯವರು, ಕೆಟ್ಟವರೇನಲ್ಲ, ವ್ಯಾಪಾರ ಬಲ್ಲವರು. ಎಲ್ಲ ಪುಟಗಳ ಮೇಲೂ "ಇಂದು ಪರಿಷ್ಕರಿಸಲಾಗಿದೆ" ಎಂದು ಆ ದಿನದ ತಾರೀಖು ತಾನೇ ಬೀಳುವ ಹಾಗೆ ಮಾಡಿಸಿದ್ದರು. ಒಳಗೆ ಅಕ್ಷರ ಬದಲಾಗದಿದ್ದರೂ ತಾರೀಖು ದಿನಾ ಹೊಸದು. ನಾನು ತಗಾದೆ ತೆಗೆದೆ.

"ಶಾಂತಕ್ಕಾ, ಅಂಗಡಿ ಮುಂದ ನೀರು ಹೊಡದು ರಂಗೋಲಿ ಹಾಕಿದ್ರೇ ಗಿರಾಕಿ ಬರ್ತಾರ. ಹಳೇ ತಾರೀಖು ನೋಡಿ ಯಾರು ಒಳಗ ಬರ್ತಾರ?" ಎಂದರು.

"ಅಂಗಡಿ ಮುಂದ ಹೊಡೀರಿ ಸಾಹೇಬ್ರ, ಬ್ಯಾಡ ಅನ್ನಂಗಿಲ್ಲ. ನೀವು ಹೋದ ವಾರದ ಕಾಯಿಪಲ್ಲೆ ಮ್ಯಾಲ ಹೊಡ್ಯಾಕತ್ತೀರಿ," ಎಂದೆ.

ಅವರು ನಕ್ಕರು, ತಾರೀಖು ಮಾತ್ರ ಹಾಗೇ ಉಳಿಯಿತು.

ಆಗಲೇ ನೀಲಮ್ಮನ ಫೋನು ಬಂದದ್ದು. ತಾಂಡೂರಿನ ಹತ್ತಿರ ಯಾಲಾಲ್ ಕಡೆಯ ಹಳ್ಳಿಯ ಹೆಂಗಸು. ನಮ್ಮ ಪುಟದ ಕೆಳಗಿದ್ದ ಆಫೀಸಿನ ನಂಬರು ಹುಡುಕಿ ಮಾಡಿದ್ದಳು. ಮಗಳು ಸುಜಾತಾ ಮೊದಲ ಬಸುರಿ. ಸ್ಕ್ಯಾನ್ ಮಾಡಿದ ಡಾಕ್ಟರು, ಮಾಸು ಗರ್ಭದ ಬಾಯಿಯ ಹತ್ತಿರ ಕೆಳಗಿದೆ, ಯಾವ ಹೊತ್ತಿನಲ್ಲಾದರೂ ರಕ್ತ ಹೋಗಬಹುದು, ರಕ್ತ ಕೂಡಿಟ್ಟ ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು ಎಂದು ಹೇಳಿದ್ದರಂತೆ. ನಮ್ಮ ಸೈಟಿನಲ್ಲಿ ತಾಂಡೂರಿನ ಒಂದು ಖಾಸಗಿ ಆಸ್ಪತ್ರೆಯ ಮುಂದೆ "ರಕ್ತ ಸಂಗ್ರಹ ಇದೆ" ಎಂದಿತ್ತು.

"ಅಕ್ಕಾ, ಅಳಿಯ ಮೊಬೈಲಿನ್ಯಾಗ ತೋರ್ಸ್ಯಾನ. ತಾರೀಖು ಇವತ್ತಿಂದೇ ಅದ. ಅಂದ್ರ ಇವತ್ತ ಯಾರರ ಹೋಗಿ ನೋಡಿ ಬಂದಾರೇನ್ರಿ?"

ಇಷ್ಟು ವರ್ಷದ ಕೆಲಸದಲ್ಲಿ ಈ ಪ್ರಶ್ನೆಯನ್ನು ಓದುಗರೊಬ್ಬರೂ ಕೇಳಿರಲಿಲ್ಲ. ನನ್ನ ಬಾಯಿಗೆ ಹಳೆಯ ಕೌಂಟರಿನ ಮಾತು ಬಂತು, ಹಲ್ಲು ಕಚ್ಚಿ ತಡೆದೆ. "ಇಲ್ಲವ್ವಾ. ಇವತ್ತ ಯಾರೂ ನೋಡಿಲ್ಲ. ನಾ ಹೋಗಿ ನೋಡಿ ಬಂದು ಹೇಳ್ತೀನಿ. ಅಲ್ಲೀತನ ಎಲ್ಲೂ ಹೆಸರು ಬರಿಸಬ್ಯಾಡ್ರಿ," ಎಂದೆ.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ತಾಂಡೂರಿಗೆ ಹೋದೆ. ಆಸ್ಪತ್ರೆ ಚೊಕ್ಕಟವಾಗಿತ್ತು. ಬಾಗಿಲಲ್ಲಿ ಫರಸಿ ಕಲ್ಲು, ಅದರಲ್ಲಿ ತೆಲುಗಿನಲ್ಲಿ ರಕ್ತ ಸಂಗ್ರಹ ಕೇಂದ್ರ ಎಂದು ಆಳವಾಗಿ ಕೊರೆದ ಸಾಲು. ಕೌಂಟರಿನಲ್ಲಿ ಕೈತುಂಬ ಹಸಿರು ಬಳೆಯ ಹುಡುಗಿ. ನಾನು ಯಾರು, ಎಲ್ಲಿಂದ ಬಂದೆ ಎಂದು ಹೇಳಿಕೊಂಡು, ರಕ್ತ ಇಟ್ಟಿದ್ದೀರೇನಮ್ಮ ಎಂದು ಕೇಳಿದೆ. ಬೇಕೆಂದೇ ತಪ್ಪು ಪ್ರಶ್ನೆ ಕೇಳಿದೆ, ಅವಳು ಏನು ಹೇಳುತ್ತಾಳೆ ನೋಡೋಣ ಎಂದು.

"ಅದರೀ ಅಕ್ಕಾರ, ಬರ್ರಿ," ಎಂದಳು. ನನಗೆ ನನ್ನ ಹರೆಯವೇ ಎದುರು ಕೂತಂತಾಯಿತು.

"ಹಿಂದಿನ ಸಲ ಯಾರಿಗಿ ಕೊಟ್ರಿ? ಯಾವಾಗ?"

ಬಳೆಗಳ ಸದ್ದು ನಿಂತಿತು. ಅವಳು ಪಕ್ಕದಲ್ಲಿ ನಿಂತಿದ್ದ ನರ್ಸಿನ ಮುಖ ನೋಡಿದಳು, ನರ್ಸು ಗೋಡೆ ನೋಡಿದಳು. ಕಡೆಗೆ ನರ್ಸೇ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು: "ಫ್ರಿಜ್ ಅದರೀ. ರಕ್ತ ನೋಡಿಕೊಳ್ಳೋ ಟೆಕ್ನಿಷಿಯನ್ ಬಿಟ್ಟು ಹೋಗ್ಯಾನ. ಪರವಾನಗಿ ಮುಂದ ಮಾಡಿಸಿಲ್ಲ. ಈಗ ಅದರಾಗ ಇಂಜೆಕ್ಷನ್ ಇಡ್ತೇವ್ರಿ. ರಕ್ತ ಬೇಕಾದ್ರ ಹೊರಗಿಂದ ತರಿಸ್ತೇವ." ಹೊರಗೆ ಎಂದರೆ ಎಷ್ಟು ಹೊತ್ತಾಗುತ್ತದೆ ಎಂದೆ. ಅವಳು ಟ್ರೇ ಎತ್ತಿಕೊಂಡು ವಾರ್ಡಿನ ಕಡೆ ನಡೆದಳು. ಹೊರಗೆ ಬಂದು ಆ ಕಲ್ಲಿನ ಮುಂದೆ ನಿಂತು ಕೊರೆದ ಸಾಲನ್ನು ಮತ್ತೊಮ್ಮೆ ಓದಿದೆ. ಸುಜಾತಾಳನ್ನು ಇಲ್ಲಿಗೆ ಕಳಿಸಲು ಹೊರಟದ್ದು ನಮ್ಮ ಪುಟ.

ಆಫೀಸಿಗೆ ಬಂದು ಸಾಹೇಬರಿಗೆ ಆ ಸಾಲು ಈಗಲೇ ತೆಗೆಯಿರಿ ಎಂದೆ. ಅವರು ಎಲ್ಲಕ್ಕೂ ಮೊದಲು ಆಸ್ಪತ್ರೆಗೆ ಸ್ಪೀಕರ್ ಹಾಕಿ ಫೋನ್ ಹಚ್ಚಿದರು. ಆ ಕಡೆಯಿಂದ ಒಂದು ಗಂಡು ದನಿ ಗಟ್ಟಿಯಾಗಿ, "ಅದರೀ ಸಾರ್, ಬರ್ರಿ" ಎಂದಿತು. ಸಾಹೇಬರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಫೋನ್ ಇಡಬ್ಯಾಡ್ರಿ," ಎಂದೆ. "ಹಿಂದಿನ ಸಲ ಯಾರಿಗಿ ಕೊಟ್ರಿ ಅಂತ ಕೇಳ್ರಿ. ನೀವೇ ಕೇಳ್ರಿ."

ಕೇಳಿದರು. ಆ ಕಡೆಯಿಂದ ಫ್ಯಾನಿನ ಗರಗರ ಮಾತ್ರ ಕೇಳುತ್ತಿತ್ತು. ಆಮೇಲೆ, "ದೊಡ್ಡ ಡಾಕ್ಟರು ಬಂದ ಮ್ಯಾಲ ಹೇಳ್ತೇವ್ರಿ" ಎಂಬ ಮಾತು. ಮಹಾದೇವ ಸಾಹೇಬರು ಫೋನ್ ಇಟ್ಟು, ಕೀಬೋರ್ಡು ಎಳೆದುಕೊಂಡು ತಾವೇ ಆ ಸಾಲನ್ನು ಅಳಿಸಿದರು. ಗೌತಮ ಮೂಲೆಯಿಂದ ನನಗೆ ಕೈ ಎತ್ತಿ ಮುಗಿದರು. ಆದರೆ ದಿನದ ತಾರೀಖಿನ ವಿಷಯ ಎತ್ತಿದಾಗ ಸಾಹೇಬರು, "ಒಂದು ದವಾಖಾನಿ ಸಲುವಾಗಿ ಇಡೀ ಸೈಟ್ ಬದಲಿ ಮಾಡಾಕ ಆಗಂಗಿಲ್ಲ ಅಕ್ಕಾ" ಎಂದುಬಿಟ್ಟರು.

ಈಗ ಸುಜಾತಾಳನ್ನು ಎಲ್ಲಿಗೆ ಕಳಿಸುವುದು? ಜಹೀರಾಬಾದಿನಲ್ಲಿ ರಕ್ತ ಇದೆ ಎಂದು ಬರೆದಿದ್ದ ಒಂದು ಹಳೆಯ ಆಸ್ಪತ್ರೆ ಇತ್ತು. ತಾರೀಖು ತಾನೇ ಬೀಳುವ ಏರ್ಪಾಡಿಗೆ ಅವರ ಪುಟ ಹೇಗೋ ಸೇರದೆ ಹಳೆಯ ತಾರೀಖೇ ಉಳಿದಿತ್ತು. ಹಳೆಯದೆಂದು ಹೋಲಿಕೆಯಲ್ಲಿ ಅದು ಕಟ್ಟಕಡೆಗೆ ಹೋಗಿ ಬಿದ್ದಿತ್ತು. ನಾನೂ ಗೌತಮರೂ ಅಲ್ಲಿಗೆ ಹೋಗಿ ಅದೇ ಪ್ರಶ್ನೆ ಕೇಳಿದೆವು. ರಕ್ತದ ಫ್ರಿಜ್ಜು ನೋಡಿಕೊಳ್ಳುವಾಕೆ ತಲೆ ಎತ್ತದೆಯೇ, "ಮೊನ್ನಿ ಸಂಜಿ ಕೊಟ್ಟೇವ್ರಿ, ಕೋಹೀರದಾಕಿಗಿ. ಅಲ್ಲೇ ಮಲಗ್ಯಾಳ, ಬೇಕಾದ್ರ ಮಾತಾಡ್ರಿ. ನಿನ್ನಿ ಮತ್ತ ತಂದು ತುಂಬೇವಿ," ಎಂದಳು. ಬಾಗಿಲು ತೆರೆದು ತೋರಿಸಿದಳು ಕೂಡ. ಅಲ್ಲಿ ಏನೂ ಬದಲಾಗಿರಲಿಲ್ಲ, ಅದಕ್ಕೇ ತಾರೀಖೂ ಬದಲಾಗಿರಲಿಲ್ಲ. ನನಗಾದ ಸಂತೋಷಕ್ಕೆ ಆಕೆಯ ಕೈ ಹಿಡಿದುಕೊಂಡೆ. ಆಕೆಗೆ ಏನೂ ಅರ್ಥವಾಗಲಿಲ್ಲ.

ನೀಲಮ್ಮನ ತಂಗಿಯ ಮನೆ ಜಹೀರಾಬಾದಿನಲ್ಲೇ ಇತ್ತು. ತಾಂಡೂರು ಬಿಟ್ಟು ಅಷ್ಟು ದೂರ ಯಾಕೆ ಎಂದು ಅಳಿಯನ ಮನೆಯವರು ತಕರಾರು ತೆಗೆದರಂತೆ. ನೀಲಮ್ಮ, "ಇಲ್ಲಿ ಕಲ್ಲಿನ್ಯಾಗ ರಕ್ತ ಅದ, ಅಲ್ಲಿ ಫ್ರಿಜ್ಜಿನ್ಯಾಗ ಅದ. ನನ್ನ ಮಗಳಿಗಿ ಯಾವುದು ಬೇಕು ಹೇಳ್ರಿ?" ಎಂದು ಕೇಳಿ ಬಾಯಿ ಮುಚ್ಚಿಸಿದಳಂತೆ. ದಿನ ತುಂಬುವ ಮುಂಚೆಯೇ ಮಗಳನ್ನು ತಂಗಿಯ ಮನೆಗೆ ಕರೆತಂದು ಇಟ್ಟುಕೊಂಡಳು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಹೊತ್ತಿಗೆ ಸುಜಾತಾಳಿಗೆ ರಕ್ತ ಹೋಗಲು ಶುರುವಾಯಿತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ನೀಲಮ್ಮ ದಾರಿಯಿಂದಲೇ ನನಗೆ ಫೋನ್ ಮಾಡಿದಳು, ಅಳು ಬಿಟ್ಟರೆ ಏನೂ ಕೇಳಿಸಲಿಲ್ಲ. ನಾನು ಹೋಗುವಷ್ಟರಲ್ಲಿ ಆಪರೇಷನ್ ನಡೆಯುತ್ತಿತ್ತು. ಕಾರಿಡಾರಿನಲ್ಲಿ ಅದೇ ಫ್ರಿಜ್ಜಿನಾಕೆ ರಕ್ತದ ಚೀಲ ಎದೆಗವಚಿಕೊಂಡು ಓಡಿದ್ದು ಕಣ್ಣಾರೆ ಕಂಡೆ. ಹಿಂದೆಯೇ ಇನ್ನೊಂದು. ನೀಲಮ್ಮ ನನ್ನ ಮುಂಗೈ ಹಿಡಿದ ಬಿಗಿಗೆ ಬಳೆ ಒಡೆಯಿತು. ಡಾಕ್ಟರಮ್ಮ ಹೊರಗೆ ಬಂದವರೇ ಮುಖದ ಬಟ್ಟೆ ಕೆಳಗಿಳಿಸಿ, "ಹೆಣ್ಣು ಕೂಸು. ಇಬ್ರೂ ಆರಾಮ ಅದಾರ. ರಕ್ತ ಕೈಯಾಗಿತ್ತು, ಬಚಾವ್ ಆದ್ಲು ನಿಮ್ಮ ಮಗಳು," ಎಂದರು. ನಾನೂ ನೀಲಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತೆವು, ನಕ್ಕೆವು. ಯಾವುದು ಮೊದಲು ಯಾವುದು ಆಮೇಲೆ ನೆನಪಿಲ್ಲ.

ಬಾಣಂತಿ ಮನೆಗೆ ಹೋದ ಮೇಲೆ ನೀಲಮ್ಮ ಪೇಡೆಯ ಡಬ್ಬಿ ಹಿಡಿದು ಆಫೀಸಿಗೆ ಬಂದಳು. ನನಗೆ ಕೊಟ್ಟಳು, ಗೌತಮರಿಗೆ ಕೊಟ್ಟಳು. ಮಹಾದೇವ ಸಾಹೇಬರ ಮುಂದೆ ನಿಂತು, ಕೊಡುವ ಮುಂಚೆ ಅಂದಳು: "ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ಇವತ್ತಿನ ತಾರೀಖು ನಂಬಿದ್ರ ನಾ ಈ ಪೇಡಾ ತರ್ತಿದ್ದಿಲ್ಲ. ಅದನ್ನ ತೆಗೀರಿ. ನಮ್ಮಂಥವರು ಅದನ್ನ ಖರೇ ಅಂತ ತಿಳೀತೇವ್ರಿ."

ಸಾಹೇಬರ ಚಾಚಿದ ಕೈ ಹಾಗೇ ನಿಂತಿತು. ಕಡೆಗೆ ಪೇಡೆ ತೆಗೆದುಕೊಂಡು, "ತೆಗಸ್ತೀನವ್ವಾ," ಎಂದರು. ಆಡಿದ ಮಾತಿನಂತೆ ನಡೆದರು, ಅದು ಅವರ ದೊಡ್ಡತನ. ಹೈದರಾಬಾದಿನ ಆಫೀಸಿನವರೊಡನೆ ಜಗಳಾಡಿ ಗೆದ್ದು ಬಂದರು. ಮೊದಲು ನಮ್ಮ ಮೂರು ಊರುಗಳಲ್ಲಿ, ಆಮೇಲೆ ಇಡೀ ಸೈಟಿನಲ್ಲಿ "ಇಂದು ಪರಿಷ್ಕರಿಸಲಾಗಿದೆ" ಹೋಯಿತು. ಪ್ರತಿ ಸಂಗತಿಯ ಮುಂದೆ ಕಂಡ ದಿನ, ಕಂಡವರ ಹೆಸರು ಬಂದವು. ಗೌತಮರ ಹೆಸರಿರುವ ಸಾಲುಗಳನ್ನು ಅವರ ತಾಯಿ ಊರಿಗೆಲ್ಲ ತೋರಿಸಿಕೊಂಡು ತಿರುಗಿದರು. ನೋಡುವವರು ಕಡಿಮೆಯಾಗುತ್ತಾರೆ ಎಂದು ಸಾಹೇಬರಿಗಿದ್ದ ಭಯ ಸುಳ್ಳಾಯಿತು, ಜನ ಹೆಚ್ಚೇ ಆದರು.

ತಾಂಡೂರಿನ ಆ ಆಸ್ಪತ್ರೆಯವರು ಮೊದಲು ಕೂಗಾಡಿದರು, ಆಮೇಲೆ ಕಲ್ಲಿನ ಆ ಒಂದು ಸಾಲಿಗೆ ಸಿಮೆಂಟು ಮೆತ್ತಿಸಿದರು. ಬಸುರಿಯರು ಬೇರೆ ಕಡೆ ಹೋಗತೊಡಗಿದ ಮೇಲೆ ಪರವಾನಗಿ ಮಾಡಿಸಿ, ಹೊಸ ಟೆಕ್ನಿಷಿಯನ್ನನ್ನು ತಂದು, ಬಂದು ನೋಡಿ ಎಂದು ತಾವೇ ಕರೆದರು. ನೋಡಿ ಬಂದು ಆ ದಿನದ ತಾರೀಖು ಹಾಕಿದೆ. ಅದು ನನ್ನ ನೌಕರಿಯ ಕೊನೆಯ ದಿನಗಳ ಕೆಲಸ.

ಇದೇ ಈಚೆಗೆ ನೀಲಮ್ಮನ ಫೋನು ಮತ್ತೆ ಬಂತು. ಸುಜಾತಾ ಈಗ ಎರಡನೆಯ ಬಸುರಿ. ಹಿಂದೆ ಆಪರೇಷನ್ ಆಗಿರುವುದರಿಂದ ಈ ಸಲವೂ ರಕ್ತ ಹತ್ತಿರವಿರಲಿ ಎಂದಿದ್ದಾರಂತೆ ಡಾಕ್ಟರು. ನಾನು ನಿವೃತ್ತಳಾದದ್ದು ಆಕೆಗೆ ಗೊತ್ತಿರಲಿಕ್ಕಿಲ್ಲ ಎಂದುಕೊಂಡು, "ತಡೀ ನೀಲಮ್ಮಾ, ಆಫೀಸಿನ ಹುಡುಗಿಗಿ ಹೇಳಿ ನೋಡಿಸ್ತೀನಿ" ಎಂದೆ.

"ಬ್ಯಾಡ ಬಿಡ್ರಿ ಅಕ್ಕಾ. ನಾನೇ ತಾಂಡೂರಿನ ಆ ದವಾಖಾನಿಗಿ ಹೋಗಿ ಬಂದೀನಿ," ಎಂದಳು. "ಕೌಂಟರಿನ್ಯಾಗ ಹಸಿರು ಬಳಿ ಹುಡುಗಿ ಇದ್ಲು. ರಕ್ತ ಅದ ಏನು ಅಂತ ನಾ ಕೇಳ್ಲಿಲ್ರಿ. ನೀವು ಹೇಳಿದ್ರೆಲ್ಲ, ಹಂಗ ಹಿಂದಿನ ಸಲ ಯಾರಿಗಿ ಕೊಟ್ರಿ, ಯಾವಾಗ ಅಂತ ಕೇಳಿನಿ. ಆ ಹುಡುಗಿ ನಕ್ಕೊಂತ ಎದ್ದು ಬಂದು ನನ್ನ ಕೈ ಹಿಡದು ವಾರ್ಡಿಗಿ ಕರಕೊಂಡು ಹೋದ್ಲು. ನಿನ್ನಿ ರಕ್ತ ಏರಿಸಿದಾಕಿ ಎದ್ದು ಕುಂತು ರೊಟ್ಟಿ ತಿನ್ನಾಕತ್ತಿದ್ಲು ಅಕ್ಕಾ. ನನಗೂ ಒಂದು ತುಣುಕು ಮುರದು ಕೊಟ್ಲು."